ಡೇಟಾ ಸೆಂಟರ್ ಕಟ್ಟಲು ಹೊರಟಿರುವ ನಮ್ಮ ಮಕ್ಕಳು

(ಕೆಲಸಗಾರರಾದ ಸಂತ ಜೋಸೆಫರ ಹಬ್ಬದ ದಿನ ಗೂಡಲೂರು ಕಡೆಯ ಒಂದು ತೋಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ. ಕೂಟಕ್ಕೆ ಬರಲಾಗದ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಅಚ್ಚು ಮಾಡಲಾಗಿದೆ.)



1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸರು ಮೇ 1ನೇ ತಾರೀಖನ್ನು ಕೆಲಸಗಾರರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಜೋಸೆಫರನ್ನು ನಾವು ಬಡಗಿ ಎನ್ನುತ್ತೇವೆ. ಸುವಾರ್ತೆಯ ಗ್ರೀಕ್ ಭಾಷೆಯಲ್ಲಿರುವ ಮಾತಿಗೆ ಕಟ್ಟಡ ಕೆಲಸಗಾರ ಎಂಬ ಅರ್ಥವೂ ಉಂಟು ಎಂದು ತಿಳಿದವರು ಹೇಳುತ್ತಾರೆ. ಆದುದರಿಂದ ಈ ಸಾರಿ ಕಟ್ಟಡ ಕೆಲಸದ ವಿಷಯವನ್ನೇ ಮಾತನಾಡೋಣ ಎಂದು ಗುರುಗಳ ಅಪ್ಪಣೆ ಕೇಳಿ ಬಂದಿದ್ದೇನೆ.

ಕಾರಣ ನಿಮಗೆಲ್ಲಾ ಗೊತ್ತಿದೆ. ಎರಡು ವಾರದಿಂದ ನಮ್ಮ ಲೈನುಗಳಲ್ಲಿ ಒಬ್ಬ ಮೇಸ್ತ್ರಿ ಹೆಸರು ಬರೆದುಕೊಳ್ಳುತ್ತಿದ್ದಾರೆ. ಮದ್ರಾಸಿನಲ್ಲಿ, ಈಗಿನ ಚೆನ್ನೈಯಲ್ಲಿ, ಡೇಟಾ ಸೆಂಟರ್ ಎಂಬ ಕಟ್ಟಡವನ್ನು ದೊಡ್ಡದು ಮಾಡುತ್ತಿದ್ದಾರಂತೆ. ಆರು ತಿಂಗಳ ಕೆಲಸ, ಊಟ, ಜಾಗ, ಕೈಗೆ ಮುಂಗಡ. ನನಗೆ ತಿಳಿದಂತೆ ಮೇಲಿನ ಲೈನಿನಿಂದ ಏಳು ಮಂದಿ, ಕೆಳಗಿನ ಲೈನಿನಿಂದ ನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ. ಮೊನ್ನೆ ಒಬ್ಬ ತಾಯಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಉಪದೇಶಿಗಳೇ, ಡೇಟಾ ಸೆಂಟರ್ ಅಂದರೆ ಏನು? ಫ್ಯಾಕ್ಟರಿಯೋ, ಗೋಡೌನೋ? ನನ್ನ ಮಗ ಅಲ್ಲಿ ಏನು ಮಾಡುತ್ತಾನೆ?" ಎಂದು ಕೇಳಿದರು. ಅವರಿಗೆ ದಾರಿಯಲ್ಲಿ ಕೊಟ್ಟ ಉತ್ತರ ಸಾಲದೆಂದು ತೋರಿತು. ಪೂರ್ತಿ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ನೀವು ರೇಷನ್ ಅಂಗಡಿಯಲ್ಲಿ ಬೆರಳು ಒತ್ತುತ್ತೀರಿ. ಮಗಳಿಗೆ ಫೋನಿನಲ್ಲಿ ಹಣ ಕಳುಹಿಸುತ್ತೀರಿ. ಮೊಮ್ಮಗನ ಫೋಟೋ ದುಬೈಯಿಂದ ಬರುತ್ತದೆ. ಈ ಲೆಕ್ಕ, ಈ ಬೆರಳಿನ ಗುರುತು, ಈ ಫೋಟೋ ಎಲ್ಲವೂ ಎಲ್ಲೋ ಒಂದು ಕಡೆ ಕಂಪ್ಯೂಟರಿನಲ್ಲಿ ಕೂತಿರಬೇಕು. ಅಂಥ ಸಾವಿರಾರು ಕಂಪ್ಯೂಟರುಗಳನ್ನು ಬೀರುಗಳಲ್ಲಿ ಸಾಲಾಗಿ ಜೋಡಿಸಿ, ಹಗಲು ರಾತ್ರಿ ಕರೆಂಟು ಕೊಟ್ಟು, ಬಿಸಿಯಾಗದಂತೆ ತಂಪು ಗಾಳಿ ಬೀಸುವ ಕಟ್ಟಡವೇ ಡೇಟಾ ಸೆಂಟರ್. ಕಂಪನಿಯವರು ಇದಕ್ಕೆ ಮೋಡ ಎಂದು ಹೆಸರಿಟ್ಟಿದ್ದಾರೆ. ಮಾಹಿತಿ ಮೋಡದಲ್ಲಿದೆ ಎನ್ನುತ್ತಾರೆ. ನಮ್ಮ ದೇವಾಲದ ಮೋಡದಲ್ಲಿ ಮಳೆ ಬಿಟ್ಟು ಬೇರೇನೂ ನಾನು ಕಂಡಿಲ್ಲ. ಅವರ ಮೋಡಕ್ಕೆ ತಳಪಾಯ ತೋಡಬೇಕು, ಕಂಬಿ ಕಟ್ಟಬೇಕು, ಕಾಂಕ್ರೀಟು ಸುರಿಯಬೇಕು. ಅದಕ್ಕೆ ಆಳು ಬೇಕು.

ಚೆನ್ನೈಯಲ್ಲೇ ಯಾಕೆ? ಹೊರದೇಶಗಳಿಂದ ಸಮುದ್ರದ ತಳದಲ್ಲಿ ಬರುವ ಕೇಬಲುಗಳು ನಮ್ಮ ದೇಶದಲ್ಲಿ ಹೆಚ್ಚಾಗಿ ದಡ ಸೇರುವುದು ಮುಂಬಯಿ ಮತ್ತು ಚೆನ್ನೈ ನಗರಗಳಲ್ಲಿ. ಅಂಡಮಾನಿಗೆ ಹೋಗುವ ಕೇಬಲು ಸಹ 2020ರ ಆಗಸ್ಟಿನಲ್ಲಿ ಚೆನ್ನೈಯಿಂದಲೇ ಆರಂಭವಾಯಿತು. ಕೇಬಲು ದಡ ಸೇರುವ ಊರಿನಲ್ಲಿ ಕಟ್ಟಡ ಇದ್ದರೆ ಕಂಪನಿಗಳಿಗೆ ಅನುಕೂಲ. ತಮಿಳುನಾಡು ಸರ್ಕಾರ 2021ರಲ್ಲಿ ಇದಕ್ಕೆಂದೇ ಒಂದು ನೀತಿಯನ್ನು ಹೊರಡಿಸಿತು. ಆ ಮೇಲೆ ಅಂಬತ್ತೂರಿನಲ್ಲಿ, ಹಳೇ ಮಹಾಬಲಿಪುರಂ ರಸ್ತೆಯ ಸಿರುಸೇರಿಯಲ್ಲಿ ಒಂದರ ಪಕ್ಕ ಒಂದು ಎದ್ದಿವೆ. ಕೆಲಸ ಬೇಗ ನಿಲ್ಲುವಂತೆಯೂ ಕಾಣುವುದಿಲ್ಲ. ಆಂಧ್ರದ ವಿಶಾಖಪಟ್ಟಣದಲ್ಲಿ 2026ರಿಂದ 2030ರ ಒಳಗೆ 15 ಶತಕೋಟಿ ಡಾಲರ್ ಹಾಕುವುದಾಗಿ ಗೂಗಲ್ ಕಂಪನಿ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ರಾಯದುರ್ಗ, ಮಡಕಶಿರ ಕಡೆಯ ನಮ್ಮ ಓದುಗರ ಮನೆಗೂ ಮೇಸ್ತ್ರಿ ಬರುವ ಕಾಲ ದೂರವಿಲ್ಲ.

ಈ ಕಟ್ಟಡಗಳನ್ನು ಒಂದೇ ಸಾರಿ ಪೂರ್ತಿ ಮಾಡುವುದಿಲ್ಲ. ಸಿರುಸೇರಿಯಲ್ಲಿ ಅದಾನಿಕನೆಕ್ಸ್ ಎಂಬ ಕಂಪನಿಯ ಸೆಂಟರ್ 2022ರಲ್ಲಿ ತೆರೆದಾಗ ಮೊದಲ ಹಂತ 17 ಮೆಗಾವ್ಯಾಟ್. ಪೂರ್ತಿಯಾದಾಗ 33 ಮೆಗಾವ್ಯಾಟ್ ಆಗಬೇಕೆಂಬುದು ಯೋಜನೆ. 33 ಮೆಗಾವ್ಯಾಟ್ ಎಂದರೆ ಎಷ್ಟು? ಒಂದು ಇಸ್ತ್ರಿ ಪೆಟ್ಟಿಗೆಗೆ ಸುಮಾರು ಒಂದು ಕಿಲೋವ್ಯಾಟ್ ಎಂದು ಇಟ್ಟುಕೊಳ್ಳಿ. ಮೂವತ್ತಮೂರು ಸಾವಿರ ಇಸ್ತ್ರಿ ಪೆಟ್ಟಿಗೆಗಳು ರಾತ್ರಿ ಹಗಲು ಉರಿದಂತೆ. ಅಷ್ಟೂ ಶಾಖ ಹೊರಗೆ ಹೋಗಬೇಕು, ಅಷ್ಟೂ ಕರೆಂಟು ಒಂದು ಕ್ಷಣವೂ ನಿಲ್ಲಬಾರದು.

ಅರ್ಧ ಕಟ್ಟಿ ಬಾಡಿಗೆಗೆ ಕೊಟ್ಟು, ಗಿರಾಕಿ ಬಂದ ಮೇಲೆ ಉಳಿದರ್ಧ ಕಟ್ಟುವುದು ಈ ವ್ಯಾಪಾರದ ಕ್ರಮ. ನಮ್ಮ ಹುಡುಗರು ಹೋಗುವುದು ಈ ಉಳಿದರ್ಧದ ಕೆಲಸಕ್ಕೆ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಖಾಲಿ ಜಾಗದಲ್ಲಿ ಕಟ್ಟುವುದಕ್ಕೂ, ಗೋಡೆಯ ಆಚೆ ಕರೆಂಟು ಹರಿಯುತ್ತಿರುವಾಗ ಈಚೆ ಕಟ್ಟುವುದಕ್ಕೂ ಬಹಳ ವ್ಯತ್ಯಾಸವಿದೆ.

ನಾನು ಹೋಗಬೇಡಿ ಎನ್ನಲು ಬಂದವನಲ್ಲ. ಹೆಸರು ಕೊಟ್ಟ ತಮ್ಮನೊಬ್ಬ ನನ್ನನ್ನು ಕೇಳಿದ: "ಅಣ್ಣಾ, ಇಲ್ಲಿ ತಿಂಗಳಿಗೆ ಎಷ್ಟು ದಿನ ಕೆಲಸ ಕೊಡುತ್ತಾರೆ, ನಿಮಗೆ ಗೊತ್ತಿಲ್ಲವೇ?" ಗೊತ್ತಿದೆ. ಎಲೆ ಇಲ್ಲದ ತಿಂಗಳಲ್ಲಿ ಮಸ್ಟರಿಗೆ ಹೋಗಿ ಹಿಂದಿರುಗಿ ಬರುವವರ ಮುಖವನ್ನು ದಿನವೂ ನೋಡುತ್ತೇನೆ. ಆದುದರಿಂದ ಹೋಗುವವರು ಹೋಗಲಿ. ಏನಕ್ಕೆ ಹೋಗುತ್ತಿದ್ದೇವೆಂದು ತಿಳಿದು ಹೋಗಲಿ.

ಕೆಲಸ ಮಣ್ಣಿನಿಂದ ಆರಂಭವಾಗುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದ್ದು, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದಲ್ಲಿ ಮತ್ತೆ ನೀರು ನಿಂತದ್ದು ನೆನಪಿದೆಯಲ್ಲವೇ? ಆ ನಗರದಲ್ಲಿ ಇಷ್ಟು ಬೆಲೆಬಾಳುವ ಯಂತ್ರ ಇಡುವವರು ನೆಲವನ್ನು ಎತ್ತರಿಸಿಯೇ ಕಟ್ಟುತ್ತಾರೆ, ತಳಪಾಯವನ್ನು ಗಟ್ಟಿಯಾಗಿ ಹಾಕುತ್ತಾರೆ. ಪೈಪಿಗೆ, ಕೇಬಲಿಗೆ ಉದ್ದುದ್ದ ಕಂದಕ ತೋಡುತ್ತಾರೆ. ನಮ್ಮ ಹುಡುಗರಿಗೆ ಮೊದಲು ಕೊಡುವ ಕೆಲಸ ಇದೇ. ಕಾಡು ಮಣ್ಣು ಅಗೆದು ಅಭ್ಯಾಸ ಇರುವವರಿಗೆ ಇದು ಸುಲಭವೆಂದು ತೋರುತ್ತದೆ. ಆದರೆ ನಿಮ್ಮ ಎದೆಯ ಎತ್ತರಕ್ಕೆ ಕಂದಕ ಬಂತೆಂದರೆ, ಎರಡು ಬದಿಗೂ ಹಲಗೆ ಕೊಟ್ಟು ತಡೆದಿರಬೇಕು, ಇಲ್ಲವೆ ಬದಿಯನ್ನು ಇಳಿಜಾರಾಗಿ ಕಡಿದಿರಬೇಕು. ಅಗೆದ ಮಣ್ಣು ಅಂಚಿನ ಮೇಲೇ ರಾಶಿ ಬಿದ್ದಿರಬಾರದು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಮಣ್ಣಿನ ಗಡ್ಡೆ ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಅದು ಎದೆಯ ಮೇಲೆ ಬಿದ್ದರೆ ತಲೆ ಹೊರಗಿದ್ದರೂ ಉಸಿರಾಟ ನಿಲ್ಲುತ್ತದೆ. ಮಳೆಗಾಲದಲ್ಲಿ ಗುಡ್ಡ ಜಾರುವ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಳಿದರ್ಧದ ಕೆಲಸದಲ್ಲಿ ಅಗೆಯುವುದಕ್ಕೆ ಇನ್ನೊಂದು ಅಪಾಯವಿದೆ. ಅರ್ಧ ಕಟ್ಟಡ ಓಡುತ್ತಿರುವ ಕಾರಣ ನೆಲದ ಕೆಳಗೆ ಆಗಲೇ ದೊಡ್ಡ ಕರೆಂಟಿನ ಕೇಬಲುಗಳು ಹೋಗಿರುತ್ತವೆ. ಗುದ್ದಲಿ ಹಾಕುವ ಮೊದಲು ಅನುಮತಿ ಚೀಟಿ ಎಂಬುದೊಂದು ಬರಬೇಕು. ಇಂಥ ಜಾಗದಲ್ಲಿ, ಇಷ್ಟು ಆಳ, ಇಂಥ ದಿನ ಅಗೆಯಬಹುದು ಎಂದು ಎಂಜಿನಿಯರು ಸಹಿ ಹಾಕಿದ ಚೀಟಿ. ಆ ಚೀಟಿ ಕಾಣದೆ ಅಗೆಯಬೇಡಿ. ಕೇಬಲು ತಾಗಿ ಸತ್ತರೆ ಒಂದು ನಷ್ಟ. ಸಾಯದೆ ಉಳಿದರೂ ಆಚೆ ಕಡೆ ಕಂಪ್ಯೂಟರು ನಿಂತಿತೆಂದು ಇಡೀ ತಪ್ಪನ್ನು ಗುದ್ದಲಿ ಹಿಡಿದವನ ತಲೆಗೆ ಕಟ್ಟುತ್ತಾರೆ.

ಆಮೇಲೆ ಕಂಬ, ಸ್ಲ್ಯಾಬು, ಗೋಡೆ. ಇದರ ವಿವರ ನಿಮಗೆ ಗೊತ್ತು. ಎಲ್ಲಾ ಕಟ್ಟಡಕ್ಕೂ ಒಂದೇ. ವ್ಯತ್ಯಾಸ ಇಷ್ಟು: ಇಲ್ಲಿ ಮಹಡಿಯಿಂದ ಮಹಡಿಗೆ ಎತ್ತರ ಹೆಚ್ಚು, ನೆಲ ಹೊರಬೇಕಾದ ಭಾರ ಹೆಚ್ಚು, ಮತ್ತು ಕೇಬಲು, ಗಾಳಿಯ ಕೊಳವೆ, ನೀರಿನ ಪೈಪು ಮೇಲೆ ಹೋಗಲೆಂದು ಪ್ರತಿ ಸ್ಲ್ಯಾಬಿನಲ್ಲೂ ದೊಡ್ಡ ದೊಡ್ಡ ತೂತುಗಳನ್ನು ಬಿಟ್ಟಿರುತ್ತಾರೆ. ಈ ತೂತಿನ ಬಗ್ಗೆ ನಾನು ಸ್ವಲ್ಪ ನಿಂತು ಮಾತನಾಡಬೇಕು.

2021ರಲ್ಲಿ ಪಕ್ಕದ ತೋಟದ ಒಬ್ಬ ಹುಡುಗ ಚೆನ್ನೈಗೆ ಕಟ್ಟಡ ಕೆಲಸಕ್ಕೆ ಹೋದ. ಇಪ್ಪತ್ತೊಂದು ವರ್ಷ. ಹೆಸರು ಹೇಳುವುದಿಲ್ಲ, ನಿಮ್ಮಲ್ಲಿ ಕೆಲವರಿಗೆ ಗೊತ್ತು. ಎರಡನೇ ಮಹಡಿಯಲ್ಲಿ ಇಂಥ ಒಂದು ತೂತಿನ ಮೇಲೆ ಪ್ಲೈವುಡ್ ಹಲಗೆ ಮುಚ್ಚಿದ್ದರು. ಮೊಳೆ ಹೊಡೆದಿರಲಿಲ್ಲ, ಗುರುತು ಇರಲಿಲ್ಲ. ಹುಡುಗ ತಲೆಯ ಮೇಲೆ ಬಾಂಡಲಿ ಹೊತ್ತು ಅದರ ಮೇಲೆ ಕಾಲಿಟ್ಟ. ಸೊಂಟದ ಮೂಳೆ, ಬಲಗಾಲು ಎರಡೂ ಮುರಿದವು. ಅವನನ್ನು ಆಸ್ಪತ್ರೆಗೆ ಸೇರಿಸಿದ ಸಬ್ ಕಂಟ್ರಾಕ್ಟರಿನ ಆಳು ಅಂದು ಸಂಜೆಯೇ ಫೋನ್ ಆರಿಸಿದ. ನಾವು ಇಬ್ಬರು ಹೋಗಿ ಸೈಟ್ ಆಫೀಸಿನಲ್ಲಿ ವಿಚಾರಿಸಿದೆವು. ಈ ಹೆಸರಿನವನು ನಮ್ಮ ರಿಜಿಸ್ಟರಿನಲ್ಲೇ ಇಲ್ಲ ಎಂದರು. ಇಲ್ಲಿ ಲೈನಿನಲ್ಲಿ ಆಗಲೇ, ಕುಡಿದು ಬಿದ್ದಿರಬೇಕು, ಅವನ ಹಣೆಬರಹ ಎಂದು ಮಾತು ಹೊರಟಿತ್ತು.

ಹುಡುಗನನ್ನು ಕಾಪಾಡಿದ್ದು ಅವನ ತಂಗಿಯ ಫೋನು. ಕೆಲಸಕ್ಕೆ ಸೇರಿದ ಮೂರನೇ ದಿನ, ಹೆಲ್ಮೆಟ್ ಹಾಕಿ ನಿಂತ ಫೋಟೋವನ್ನು ತಂಗಿಗೆ ಕಳುಹಿಸಿದ್ದ. ಬರೀ ಸಂತೋಷಕ್ಕೆ. ಕೊರಳಲ್ಲಿ ಗೇಟ್ ಪಾಸ್ ತೂಗುತ್ತಿತ್ತು, ನಂಬರು ಓದುವಷ್ಟು ಸ್ಪಷ್ಟವಾಗಿತ್ತು. ಆ ನಂಬರು ಹಿಡಿದು ಚೆನ್ನೈಯ ಯೂನಿಯನ್ ಗೆಳೆಯರು ಗೇಟಿನ ಪುಸ್ತಕ ತೆಗೆಸಿದರು. ಅವನ ಸಹಿ ಹತ್ತೊಂಬತ್ತು ದಿನ ಇತ್ತು. ಪರಿಹಾರದ ಕೇಸು ಎರಡು ವರ್ಷದ ಹತ್ತಿರ ನಡೆಯಿತು. ಹಣ ಬಂತು, ಬರಬೇಕಾದಷ್ಟು ಬಂತೆಂದು ಹೇಳಲಾರೆ. ಈಗ ಕೋಲು ಊರಿಕೊಂಡು ಎಲೆ ತೂಕದ ಶೆಡ್ಡಿನಲ್ಲಿ ಲೆಕ್ಕ ಬರೆಯುತ್ತಾನೆ.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು. ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಯ ಮೇಲೆ. ಬಿದ್ದವನು ಎಚ್ಚರವಾಗಿದ್ದನೇ, ಕುಡಿದಿದ್ದನೇ, ಅವನ ಹಣೆಯಲ್ಲಿ ಏನು ಬರೆದಿತ್ತು ಎಂಬ ವಿಚಾರಣೆಯೇ ಅಲ್ಲಿ ಇಲ್ಲ. ಹೊಣೆ ಕಟ್ಟಿಸಿದವನದು. ಕಾರ್ಖಾನೆ ಕಾನೂನು ಎಂಬ ಹೆಸರೇ ಇಲ್ಲದ ಕಾಲದಲ್ಲಿ ದೇವರು ಮೋಶೆಯ ಕೈಯಲ್ಲಿ ಕೊಟ್ಟ ಕಟ್ಟಳೆ ಇದು. ಆದುದರಿಂದ ಕಟಕಟೆ ಕಟ್ಟಿ, ತೂತು ಮುಚ್ಚಿ, ಬೆಲ್ಟ್ ಕೊಡಿ ಎಂದು ಕೇಳುವ ಹುಡುಗನಿಗೆ ಅಹಂಕಾರ ಎಂದು ಹೇಳುವವರು ಈ ಅಧ್ಯಾಯವನ್ನು ಓದಲಿ.

ಗೋಡೆ ಎದ್ದ ಮೇಲೆ ಕರೆಂಟಿನ ಕೆಲಸ. ಡೇಟಾ ಸೆಂಟರಿನ ಜೀವ ಇರುವುದು ಇಲ್ಲಿಯೇ. ಟ್ರಾನ್ಸ್‌ಫಾರ್ಮರು, ಕೋಣೆ ಉದ್ದಕ್ಕೂ ನಿಲ್ಲುವ ಪ್ಯಾನಲುಗಳು, ಕರೆಂಟು ಹೋದರೆ ಎದ್ದೇಳುವ ಡೀಸೆಲ್ ಜನರೇಟರುಗಳು, ಜನರೇಟರು ಏಳುವವರೆಗೆ ಭಾರ ಹೊರುವ ಬ್ಯಾಟರಿಗಳು. ಮೇಲೆ ತಾರಸಿಯಲ್ಲಿ ತಂಪು ಮಾಡುವ ಯಂತ್ರಗಳು. ಈ ಕೆಲಸ ಎಲೆಕ್ಟ್ರಿಷಿಯನ್ನರದು. ನಮ್ಮ ಹುಡುಗರನ್ನು ಎತ್ತಲು, ತಳ್ಳಲು, ಕೇಬಲು ಎಳೆಯಲು ಸೇರಿಸುತ್ತಾರೆ. ಆದರೆ ಅಪಾಯಕ್ಕೆ ಯಾರು ಎಲೆಕ್ಟ್ರಿಷಿಯನ್, ಯಾರು ಹೆಲ್ಪರ್ ಎಂಬುದು ಗೊತ್ತಾಗುವುದಿಲ್ಲ. 2022ರ ಆಗಸ್ಟ್ 8ರಂದು ಅಮೆರಿಕದ ಐಯೋವಾ ರಾಜ್ಯದಲ್ಲಿ ಗೂಗಲ್ ಕಂಪನಿಯ ಒಂದು ಡೇಟಾ ಸೆಂಟರಿನಲ್ಲಿ ಕರೆಂಟು ಸಿಡಿದು ಮೂವರು ಎಲೆಕ್ಟ್ರಿಷಿಯನ್ನರು ಘೋರವಾಗಿ ಸುಟ್ಟುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರದ ಡೇಟಾ ಸೆಂಟರಿನ ಲಿಥಿಯಂ ಬ್ಯಾಟರಿಗಳನ್ನು ಬೇರೆ ಜಾಗಕ್ಕೆ ಸಾಗಿಸುವ ಕೆಲಸ ನಡೆಯುವಾಗ ಬೆಂಕಿ ಹತ್ತಿತು. 709 ಸರ್ಕಾರಿ ವ್ಯವಸ್ಥೆಗಳು ನಿಂತುಹೋದವು. ಅಷ್ಟು ಮುಂದುವರಿದ ದೇಶಗಳಲ್ಲೇ ಹೀಗಾದರೆ ನಾವು ಎಷ್ಟು ಎಚ್ಚರ ವಹಿಸಬೇಕು? ಎಷ್ಟು ವ್ಯವಸ್ಥೆ ನಿಂತಿತೆಂಬ ಲೆಕ್ಕ ಎಲ್ಲಾ ಪತ್ರಿಕೆಯಲ್ಲೂ ಬಂತು. ಬ್ಯಾಟರಿ ಸಾಗಿಸುತ್ತಿದ್ದ ಕೆಲಸಗಾರನ ಗತಿ ಏನಾಯಿತೆಂದು ತಿಳಿಯಲು ಸುದ್ದಿಯ ಕೊನೆಯವರೆಗೆ ಹುಡುಕಬೇಕು.

ಹುಡುಗರು ನೆನಪಿಡಬೇಕಾದದ್ದು ಮೂರು ಮಾತು. ಪ್ಯಾನಲಿನ ಹತ್ತಿರ ಕೆಲಸವಾದರೆ, ಸ್ವಿಚ್ಚಿಗೆ ಬೀಗ ಹಾಕಿ ಕೆಲಸ ನಡೆಯುತ್ತಿದೆ ಎಂಬ ಚೀಟಿ ತೂಗುಹಾಕಿದ್ದನ್ನು ಕಣ್ಣಾರೆ ನೋಡಿದ ಮೇಲೇ ಒಳಗೆ ಹೋಗಿ. ಓಡುತ್ತಿರುವ ಕಟ್ಟಡದ ಕೆಲವು ಕೋಣೆಗಳಲ್ಲಿ ಬೆಂಕಿ ಆರಿಸಲು ನೀರಿನ ಬದಲು ಗ್ಯಾಸ್ ಬಿಡುತ್ತಾರೆ. ಗಂಟೆ ಬಾರಿಸಿದ ತಕ್ಷಣ ಸಾಮಾನು ಬಿಟ್ಟು ಹೊರಗೆ ಬನ್ನಿ, ಒಳಗೆ ಉಸಿರಾಡುವ ಗಾಳಿ ಕಡಿಮೆಯಾಗಬಹುದು. ಮೂರನೆಯದು ಬಿಸಿಲು. ನಾವು ಚಳಿಯಲ್ಲಿ ಹುಟ್ಟಿ ಬೆಳೆದವರು. ಚೆನ್ನೈಯ ಮೇ ತಿಂಗಳಲ್ಲಿ ಮೊದಲ ದಿನವೇ ಅಲ್ಲಿಯವರ ಸಮಕ್ಕೆ ಹೊರಲು ಹೋಗಬೇಡಿ. ಮೈ ಒಗ್ಗಲು ಒಂದೆರಡು ವಾರ ಬೇಕು. ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ, ತಲೆ ಸುತ್ತಿದರೆ ನಾಚದೆ ನೆರಳಿಗೆ ಹೋಗಿ.

ಕೊನೆಯ ಹಂತ ಪರೀಕ್ಷೆ. ಇದು ನನಗೆ ಬಹಳ ಸ್ವಾರಸ್ಯವಾಗಿ ಕಂಡಿತು. ಕಂಪ್ಯೂಟರು ತರುವ ಮೊದಲು ಅದೇ ಜಾಗದಲ್ಲಿ ದೊಡ್ಡ ಹೀಟರುಗಳನ್ನು ಇಟ್ಟು ಉರಿಸುತ್ತಾರೆ. ಅಷ್ಟು ಕರೆಂಟು ಎಳೆದಾಗ, ಅಷ್ಟು ಶಾಖ ಬಂದಾಗ ಕಟ್ಟಡ ತಡೆಯುತ್ತದೆಯೇ ನೋಡುತ್ತಾರೆ. ಬೇಕೆಂದೇ ಹೊರಗಿನ ಕರೆಂಟು ಕಡಿದು ಜನರೇಟರು ಏಳುತ್ತದೆಯೇ ನೋಡುತ್ತಾರೆ. ಯಂತ್ರವನ್ನು ಇಷ್ಟು ಪರೀಕ್ಷಿಸುತ್ತಾರೆ. ಏಣಿಯನ್ನೂ ಸಾರುವೆಯನ್ನೂ ಅದರ ಅರ್ಧದಷ್ಟು ಪರೀಕ್ಷಿಸಿದರೆ ಸಾಕಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಥ ದೊಡ್ಡ ಕಾಮಗಾರಿಯಲ್ಲಿ ಪ್ರತಿದಿನ ಸಂಜೆ ಪ್ರಗತಿ ವರದಿ ಬರೆಯುತ್ತಾರೆ. ಇಂದು ಎಷ್ಟು ಕಾಂಕ್ರೀಟು ಬಿತ್ತು, ಎಷ್ಟು ಕಂಬಿ ಕಟ್ಟಿತು, ಗೋಡೆ ನೂರಕ್ಕೆ ಎಷ್ಟು ಮುಗಿಯಿತು. ಅದೇ ಕಾಗದದಲ್ಲಿ ಆಳುಗಳ ಲೆಕ್ಕವೂ ಇರುತ್ತದೆ: ಸೆಂಟ್ರಿಂಗ್ ಇಷ್ಟು, ಗಾರೆ ಇಷ್ಟು, ಹೆಲ್ಪರ್ ಇಷ್ಟು. ನೋಡಿ, ಮಾಲೀಕನಿಗೆ ಹೋಗುವ ಆ ವರದಿಯಲ್ಲಿ ನಮ್ಮ ಹುಡುಗ ಇದ್ದಾನೆ. ತಲೆಯಾಗಿ ಇದ್ದಾನೆ, ಹೆಸರಾಗಿ ಇಲ್ಲ. ಹೆಸರು ಇರಬೇಕಾದದ್ದು ಕೆಳಗಿನ ಕಂಟ್ರಾಕ್ಟರಿನ ಹಾಜರಿ ಪುಸ್ತಕದಲ್ಲಿ. ಮಾಲೀಕ ಕಂಪನಿ, ಅದರ ಕೆಳಗೆ ದೊಡ್ಡ ಕಂಟ್ರಾಕ್ಟರು, ಅವನ ಕೆಳಗೆ ಸಬ್ ಕಂಟ್ರಾಕ್ಟರು, ಅವನ ಕೆಳಗೆ ಇನ್ನೊಬ್ಬ, ಕಡೆಗೆ ಮೇಸ್ತ್ರಿ. ಇಷ್ಟು ಮೆಟ್ಟಿಲು ಇಳಿಯುವಾಗ ಹೆಸರು ಎಲ್ಲೋ ಬಿದ್ದುಹೋಗುತ್ತದೆ.

ಇದು ಹೊಸದಲ್ಲ. ಅರಸುಗಳ ಮೊದಲನೇ ಗ್ರಂಥದ 5ನೇ ಅಧ್ಯಾಯ ತೆಗೆದು ನೋಡಿ. ಸೊಲೊಮೋನ ಅರಸನು ದೇವಾಲಯ ಕಟ್ಟಲು ಮೂವತ್ತು ಸಾವಿರ ಬಿಟ್ಟಿ ಆಳುಗಳನ್ನು ಲೆಬನೋನಿಗೆ ಕಳುಹಿಸಿದ. ಸರದಿಯಂತೆ ಹತ್ತು ಸಾವಿರ ಮಂದಿ ಒಂದು ತಿಂಗಳು ಅಲ್ಲಿ, ಎರಡು ತಿಂಗಳು ಮನೆಯಲ್ಲಿ. ಹೊರೆ ಹೊರುವವರು ಎಪ್ಪತ್ತು ಸಾವಿರ, ಬೆಟ್ಟದಲ್ಲಿ ಕಲ್ಲು ಕಡಿಯುವವರು ಎಂಬತ್ತು ಸಾವಿರ, ಮೇಸ್ತ್ರಿಗಳು ಮೂರು ಸಾವಿರದ ಮುನ್ನೂರು. ಇಷ್ಟು ಜನರಲ್ಲಿ ಬಿಟ್ಟಿ ಆಳುಗಳ ಮೇಲ್ವಿಚಾರಕ ಅದೋನಿರಾಮನ ಹೆಸರು ಮಾತ್ರ ಬರೆದಿದೆ. ಹೊತ್ತವರ ಹೆಸರು ಒಂದೂ ಇಲ್ಲ. ಅದೇ ಜನರು ಸೊಲೊಮೋನನ ಮಗನ ಮುಂದೆ ನಿಂತು ನೊಗ ಹಗುರ ಮಾಡೆಂದು ಬೇಡಿದರು, ಅವನು ಕೇಳಲಿಲ್ಲ, ರಾಜ್ಯ ಎರಡಾಯಿತು. ಅದು ಬೇರೆ ಕಥೆ. ಇನ್ನೊಂದು ದಿನ ಮಾತನಾಡೋಣ.

ಈಗ ನೆಹೆಮೀಯನ ಗ್ರಂಥದ 3ನೇ ಅಧ್ಯಾಯವನ್ನು ಓದಿ. ಅಲ್ಲಿಯೂ ಕಟ್ಟಡದ ಕೆಲಸವೇ. ಯೆರೂಸಲೇಮಿನ ಗೋಡೆಯನ್ನು 52 ದಿನದಲ್ಲಿ ಕಟ್ಟಿ ಮುಗಿಸಿದರು. ಈ ಅಧ್ಯಾಯ ಪೂರ್ತಿ ಪ್ರಗತಿ ವರದಿಯಂತೆಯೇ ಇದೆ: ಇಂಥ ಬಾಗಿಲನ್ನು ಇಂಥವನು, ಅವನ ಪಕ್ಕದ ಪಾಲನ್ನು ಇಂಥವನ ಮಗ ಇಂಥವನು. ಅಕ್ಕಸಾಲಿಗರ ಹೆಸರಿದೆ, ಸುಗಂಧ ಮಾಡುವವನ ಹೆಸರಿದೆ. ಶಲ್ಲೂಮ ಎಂಬವನು ತನ್ನ ಹೆಣ್ಣುಮಕ್ಕಳನ್ನು ಕೂಡಿಕೊಂಡು ಒಂದು ಪಾಲು ಕಟ್ಟಿದನೆಂದು ಬರೆದಿದೆ. ಪೂಜೆಯಲ್ಲಿ ಈ ಅಧ್ಯಾಯ ಓದಿದರೆ ಬೇಸರ ಎನ್ನುವವರಿದ್ದಾರೆ, ಬರೀ ಹೆಸರುಗಳೇ ಎಂದು. ಗೇಟಿನ ಪುಸ್ತಕದಲ್ಲಿ ಆ ಹುಡುಗನ ಸಹಿ ಕಂಡ ದಿನದಿಂದ ನನಗೆ ಈ ಅಧ್ಯಾಯ ಬೇಸರ ತಂದಿಲ್ಲ.

ಯೂನಿಯನ್ನಿನ ಕೆಲಸ ಏನು ಎಂದು ಕೇಳಿದರೆ, ತಲೆಯನ್ನು ಹೆಸರು ಮಾಡುವುದು ಎನ್ನುತ್ತೇನೆ. ಅದಕ್ಕೆ ಕಾನೂನು ಇದೆ. ಕಟ್ಟಡ ಕೆಲಸಗಾರರಿಗೆ 1996ರಲ್ಲಿ ಕೇಂದ್ರದ ಕಾನೂನು ಬಂತು; ತಮಿಳುನಾಡಿನಲ್ಲಿ ಅದಕ್ಕೂ ಮೊದಲೇ, 1982ರ ಕೂಲಿಗಾರರ ಕಾನೂನಿನ ಅಡಿಯಲ್ಲಿ, ಕಟ್ಟಡ ಕೆಲಸಗಾರರ ಕ್ಷೇಮ ಮಂಡಳಿ ಆಗಿತ್ತು. 2025ರ ನವೆಂಬರ್ 21ರಿಂದ ಕೇಂದ್ರದ ಹಳೆಯ 29 ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿದ್ದಾರೆ. ನಮ್ಮ 1951ರ ತೋಟ ಕಾರ್ಮಿಕರ ಕಾನೂನೂ ಅದರೊಳಗೆ ಹೋಯಿತು. ಈ ಸಂಹಿತೆಗಳ ಬಗ್ಗೆ ಯೂನಿಯನ್ನುಗಳಿಗೆ ದೊಡ್ಡ ಆಕ್ಷೇಪಗಳಿವೆ, ನನಗೂ ಇವೆ. ಆದರೆ ಅದರಲ್ಲಿ ನಮ್ಮ ಕೈಗೆ ಬಂದದ್ದನ್ನು ಬಿಡಬಾರದು. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕದ ಕಾಗದ ಕೊಡಬೇಕು ಎಂದಿದೆ. ಹೆಚ್ಚು ಹೊತ್ತಿನ ಕೆಲಸಕ್ಕೆ ಎರಡು ಪಾಲು ಕೂಲಿ. ಕೆಲಸದಿಂದ ತೆಗೆದರೆ ಅಥವಾ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಆಗಬೇಕು. ಕಂಟ್ರಾಕ್ಟರು ಕೂಲಿ ಕೊಡದೆ ಓಡಿಹೋದರೆ ಮೇಲಿನ ಕಂಪನಿ ಕೊಡಬೇಕು. ಹದಿನೆಂಟರಿಂದ ಅರವತ್ತು ವಯಸ್ಸಿನೊಳಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಇದಕ್ಕೆ ಹಣ ಎಲ್ಲಿಂದ? ಕಟ್ಟಿಸುವವರು ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿಗೆ ಕಡಿಮೆಯಿಲ್ಲದಂತೆ ಸೆಸ್ ಕಟ್ಟಬೇಕು. ನೂರಾರು ಕೋಟಿಯ ಕಟ್ಟಡದಲ್ಲಿ ಅದು ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ. ಆ ಹಣ ಯಾರ ದಾನವೂ ಅಲ್ಲ. ಆದರೆ ತೊಂಬತ್ತು ದಿನ ಕೆಲಸ ಮಾಡಿದೆ ಎಂದು ತೋರಿಸಲಾಗದವನಿಗೆ ಅದು ದಕ್ಕುವುದಿಲ್ಲ.

ವಯನಾಡು, ಕಾಸರಗೋಡಿನಿಂದ ಚೆನ್ನೈಗೆ ಹೋಗುವವರು, ಇಲ್ಲಿಂದ ಬೆಂಗಳೂರಿಗೆ ಹೋಗುವವರು ರಾಜ್ಯ ದಾಟಿದ ಕೆಲಸಗಾರರೆನಿಸುತ್ತಾರೆ. ಷರತ್ತುಗಳಿಗೆ ಒಳಪಟ್ಟು ಹೋಗಿಬರುವ ಖರ್ಚಿಗೂ ಅವರಿಗೆ ಹಕ್ಕುಂಟು. ನೀಲಗಿರಿಯಿಂದ ಚೆನ್ನೈ ಒಂದೇ ರಾಜ್ಯವಾದುದರಿಂದ ನಮ್ಮ ಹುಡುಗರಿಗೆ ಅದು ಅನ್ವಯಿಸುವುದಿಲ್ಲ. ಮೇಸ್ತ್ರಿ ಬಸ್ ಚಾರ್ಜು ಕೊಡುತ್ತೇನೆ ಎಂದರೆ ಅದನ್ನು ಕೂಲಿಯಲ್ಲಿ ಹಿಡಿಯುತ್ತಾರೆಯೇ ಇಲ್ಲವೇ ಈಗಲೇ ಕೇಳಿಕೊಳ್ಳಿ.

ಮುಂಗಡದ ಮಾತು. ಪಕ್ಕದ ಲೈನಿನಲ್ಲಿ ಸಿಲೋನಿನಿಂದ ಬಂದ ಕುಟುಂಬಗಳ ಅಜ್ಜಂದಿರನ್ನು ಕೇಳಿ. ಅಲ್ಲಿ ಕಂಗಾಣಿಯ ಸಾಲವನ್ನು ತುಂಡು ಎಂಬ ಚೀಟಿಯಲ್ಲಿ ಬರೆದು, ಆಳನ್ನು ಸಾಲದ ಸಮೇತ ಒಂದು ತೋಟದಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು. 1921ರಲ್ಲಿ ಅದನ್ನು ನಿಲ್ಲಿಸಿದರು. ಚೀಟಿ ಹೋಯಿತು, ಮುಂಗಡ ಉಳಿಯಿತು. ಮುಂಗಡ ತೆಗೆದುಕೊಂಡವನು ಅಪಾಯದ ಕೆಲಸಕ್ಕೆ ಇಲ್ಲ ಎನ್ನಲಾರ, ಅರ್ಧಕ್ಕೆ ಬರಲಾರ. ಸಾಧ್ಯವಾದರೆ ತೆಗೆದುಕೊಳ್ಳಬೇಡಿ. ಬಡ್ಡಿಯಿಲ್ಲದೆ ಬಸ್ಸಿನ ಹಣ ಬೇಕಾದವರು ನಮ್ಮ ಸಂಘದ ಪೆಟ್ಟಿಗೆಯನ್ನು ಕೇಳಿ. ದೊಡ್ಡ ಪೆಟ್ಟಿಗೆಯಲ್ಲ, ಬಸ್ಸಿಗೆ ಸಾಕಾಗುತ್ತದೆ.

ಇನ್ನೊಂದು ಆಸೆಯನ್ನು ಯಾರೂ ಇಟ್ಟುಕೊಳ್ಳಬಾರದು. ಕಟ್ಟಡ ಮುಗಿದ ಮೇಲೆ ಅಲ್ಲೇ ಒಳಗೆ ಕೆಲಸ ಕೊಡುತ್ತಾರೆ ಎಂದು ಮೇಸ್ತ್ರಿ ಹೇಳಿದ್ದಾರಂತೆ. ಕಟ್ಟುವಾಗ ನೂರಾರು ಮಂದಿ ಬೇಕು. ಓಡಿಸಲು ಬಹಳ ಕಡಿಮೆ ಮಂದಿ ಸಾಕು: ಟೆಕ್ನಿಷಿಯನ್ನರು, ಕಾವಲಿನವರು, ಗುಡಿಸುವವರು. ಕಟ್ಟಿದ ಕೈಗೆ ಆ ಬಾಗಿಲು ಹೆಚ್ಚಾಗಿ ತೆರೆಯುವುದಿಲ್ಲ. ಪೈಕಾರದ ನೀರು ಸಿಂಗಾರದಲ್ಲಿ ಇಳಿದು ಕರೆಂಟಾದದ್ದು 1932ರಲ್ಲಿ. ಆ ಕೆಲಸಕ್ಕೆ ಕಲ್ಲು ಹೊತ್ತವರ ಮೊಮ್ಮಕ್ಕಳ ಲೈನುಗಳಲ್ಲಿ ಎಷ್ಟೋ ಕಡೆ, ತಲೆಯ ಮೇಲೆ ತಂತಿ ಹೋದ ಎಷ್ಟೋ ವರ್ಷಗಳ ಮೇಲೂ ಸೀಮೆಎಣ್ಣೆ ಬುಡ್ಡಿಯೇ ಉರಿಯುತ್ತಿತ್ತು. ಒಳಗೆ ಕೆಲಸ ಬೇಕೆಂದರೆ ಎಲೆಕ್ಟ್ರಿಷಿಯನ್, ಏಸಿ ಮೆಕ್ಯಾನಿಕ್ ಇಂಥ ಕೈಕಸುಬನ್ನು ಐಟಿಐಯಲ್ಲಿ ಕಲಿತು ಸರ್ಟಿಫಿಕೇಟು ಹಿಡಿದು ಹೋಗಬೇಕು. ಹತ್ತನೇ ತರಗತಿ ಮುಗಿಸಿದ ಮಕ್ಕಳನ್ನು ಈ ವರ್ಷ ಹೆಲ್ಪರ್ ಕೆಲಸಕ್ಕೆ ಕಳುಹಿಸಬೇಡಿ ಎಂದು ತಂದೆ ತಾಯಂದಿರನ್ನು ಕೈಮುಗಿದು ಕೇಳುತ್ತೇನೆ. ಎರಡು ವರ್ಷ ಕಾದರೆ ಅದೇ ಗೇಟಿನಲ್ಲಿ ಬೇರೆ ಸಾಲಿನಲ್ಲಿ ನಿಲ್ಲಬಹುದು.

ಹೊರಡುವವರಿಗೆ ಸಂಘದಿಂದ ಒಂದೊಂದು ಸಣ್ಣ ನೋಟ್ ಪುಸ್ತಕ ತಂದಿದ್ದೇನೆ. ಮೊದಲ ಪುಟದಲ್ಲಿ ಸೈಟಿನ ವಿಳಾಸ, ಮಾಲೀಕ ಕಂಪನಿಯ ಹೆಸರು, ದೊಡ್ಡ ಕಂಟ್ರಾಕ್ಟರ ಹೆಸರು, ಮೇಸ್ತ್ರಿಯ ಹೆಸರು ಮತ್ತು ಫೋನು, ನಿಮ್ಮ ಗೇಟ್ ಪಾಸ್ ನಂಬರು. ಆಮೇಲಿನ ಪುಟಗಳಲ್ಲಿ ದಿನಕ್ಕೊಂದು ಸಾಲು: ತಾರೀಖು, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಕೈಗೆ ಬಂದ ಹಣ. ಬರೆಯಲು ಬಾರದವರು ಜೊತೆಯವರಿಂದ ಬರೆಸಿ. ಪ್ರತಿ ಭಾನುವಾರ ಆ ವಾರದ ಪುಟದ ಫೋಟೋ ತೆಗೆದು ಮನೆಗೆ ಕಳುಹಿಸಿ. ತಾಯಂದಿರೇ, ತಂಗಿಯರೇ, ಆ ಫೋಟೋಗಳನ್ನು ಫೋನಿನಿಂದ ಅಳಿಸಬೇಡಿ. ಜಾಗ ಸಾಲದಿದ್ದರೆ ಸಿನಿಮಾ ಹಾಡು ಅಳಿಸಿ.

ಮೇಸ್ತ್ರಿಯವರನ್ನು ನಾನು ಕಂಡು ಮಾತನಾಡಿದ್ದೇನೆ. ಅವರು ಕೆಟ್ಟವರೆಂದು ಹೇಳುವುದಿಲ್ಲ. ಅವರೂ ಕೂಲಿ ಮಾಡಿ ಮೇಲೆ ಬಂದವರು. ಬುಧವಾರ ಸಂಜೆ ಆರು ಗಂಟೆಗೆ ಮೇಲಿನ ಲೈನಿನ ಮೈದಾನಕ್ಕೆ ಬಂದು ಎಲ್ಲರ ಎದುರಿಗೆ ಉತ್ತರ ಕೊಡಲು ಒಪ್ಪಿದ್ದಾರೆ. ನೇಮಕದ ಕಾಗದ ಯಾರ ಹೆಸರಿನಲ್ಲಿ ಬರುತ್ತದೆ, ಕೂಲಿ ಯಾವ ದಿನ ಯಾವ ಖಾತೆಗೆ ಬೀಳುತ್ತದೆ, ಬಿದ್ದರೆ ಯಾವ ಆಸ್ಪತ್ರೆ ಯಾರ ಖರ್ಚು, ಈ ಮೂರನ್ನು ಅವರು ಬರೆದು ತರುತ್ತಾರೆ. ಹೆಸರು ಕೊಟ್ಟ ಹನ್ನೊಂದು ಮಂದಿಯೂ ತಾಯಿ ತಂದೆಯನ್ನು ಕರೆದುಕೊಂಡು ಬನ್ನಿ. ಮಳೆ ಬಂದರೆ ಮಸ್ಟರ್ ಶೆಡ್ಡಿನಲ್ಲಿ ಸೇರೋಣ, ರೈಟರ್ ಹತ್ತಿರ ಬೀಗದ ಕೈ ಕೇಳಿ ಇಟ್ಟಿದ್ದೇನೆ.